ದೊಡ್ಡಪ್ಪನ ಉಬ್ಬಸ

ದೊಡ್ಡಪ್ಪ ಅಂದರೆ ಕುದುರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಸವಾರಿ ಶಾಲೆಗೆ ಹೊಸದಾಗಿ ಬಂದವರು ಎಷ್ಟೋ ಜನ "ದೊಡ್ಡಪ್ಪ ಬೆಳಗ್ಗೆಯಿಂದ ಕೆಮ್ತಾ ಇದಾನೆ, ಹುಲ್ಲು ಮುಟ್ಟಿಲ್ಲ" ಅನ್ನುವ ಮಾತು ಕೇಳಿ ಬೆಚ್ಚಿಬಿದ್ದಿದ್ದಾರೆ. ಅಲ್ಲಿದ್ದ ಹನ್ನೆರಡು ಕುದುರೆಗಳಲ್ಲಿ ಎಲ್ಲರಿಗಿಂತ ಹಿರಿಯ. ವಯಸ್ಸು ಹತ್ತೊಂಬತ್ತು, ಕಂದು ಮೈ, ಮೂತಿಯ ಸುತ್ತ ನರೆ. ಮೊದಲ ಸಲ ಜೀನು ಹತ್ತಿದ ಮಕ್ಕಳು ಹೆದರಿ ಜೂಲು ಜಗ್ಗಿದರೂ, ಪಕ್ಕೆಗೆ ಒದ್ದರೂ, ಕಿವಿಯ ಹತ್ತಿರ ಕಿರುಚಿದರೂ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಒಂದೇ ಸಮ ನಡೆಯುತ್ತಿದ್ದ. ಅದಕ್ಕೇ ಮಕ್ಕಳು ಆ ಹೆಸರಿಟ್ಟರು. ಕುದುರೆಯನ್ನು 'ಅದು' ಅನ್ನಬೇಕು, ನಿಜ. ಆದರೆ ಆ ಲಾಯದಲ್ಲಿ ಅವನನ್ನು ಯಾರೂ ಹಾಗೆ ಅಂದವರಿಲ್ಲ, ನಾನೂ ಅನ್ನುವುದಿಲ್ಲ.

ಅವನನ್ನು ನೋಡಿಕೊಳ್ಳುತ್ತಿದ್ದವಳು ಲಾಯದಕ್ಕ. ಇಪ್ಪತ್ತಾರು ವರ್ಷ ಅದೇ ಲಾಯದಲ್ಲಿ ದುಡಿದವಳು, ಆದ್ದರಿಂದ ಅವಳ ಸ್ವಂತ ಹೆಸರನ್ನು ಸಂಬಳ ಕೊಡುವವರೂ ಮರೆತಿದ್ದರು. ಗಟ್ಟಿ ಮೈ, ಗಟ್ಟಿ ಬಾಯಿ. ಊರಿನಲ್ಲಿ ಯಾರ ಮನೆ ಸ್ವಚ್ಛ ಎಂದು ಕೇಳಿದರೆ ಜನ ಮನೆ ಬಿಟ್ಟು ಅವಳ ಲಾಯ ತೋರಿಸುತ್ತಿದ್ದರು. ಬೆಳಗ್ಗೆ ಐದೂವರೆಗೆ ಬಂದು ಸೊಂಟಕ್ಕೆ ಬಟ್ಟೆ ಬಿಗಿದರೆ, ಮೊದಲು ಒಣಹುಲ್ಲಿನ ಕಟ್ಟು ಬಿಚ್ಚಿ, ತೋಳ್ತುಂಬ ಎತ್ತಿ, ಗೋಡೆಗೆ ಫಟ್ ಫಟ್ ಎಂದು ಬಡಿದು ಕೊಡವುವಳು. ಕಸ, ಹುಳ, ಮಣ್ಣು ಎಲ್ಲ ಉದುರಬೇಕು, ಆಮೇಲೆ ತಾನೇ ಕುದುರೆಯ ಬಾಯಿಗೆ. ಅದಾದ ಮೇಲೆ ಪೊರಕೆ. ಮೂಲೆಯಿಂದ ಶುರುಮಾಡಿ ಬಾಗಿಲವರೆಗೆ, ಬಾಗಿಲಿಂದ ಓಣಿಯ ಕೊನೆಯವರೆಗೆ. ಹುಲ್ಲುಕಡ್ಡಿ ಒಂದು ಅಡ್ಡ ಬಿದ್ದಿದ್ದರೆ ಅವಳಿಗೆ ಅನ್ನ ಸೇರದು. ಮನೆಯಲ್ಲೂ ಅದೇ ಕಥೆ. ಗಂಡ ಗಡಿಯಾರ ರಿಪೇರಿ ಮಾಡುವವನು, ಮನೆಯ ಕೆಳಗೇ ಅಂಗಡಿ. "ನಮ್ಮನೇಲಿ ಧೂಳು ಕೂತ್ಕೋಬೇಕು ಅಂದ್ರೂ ಇವಳನ್ನ ಕೇಳಿ ಕೂತ್ಕೋಬೇಕು" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ದೊಡ್ಡಪ್ಪನಿಗೆ ಕೆಮ್ಮು ಶುರುವಾಗಿ ಎರಡು ವರ್ಷ. ಮೊದಮೊದಲು ಹುಲ್ಲು ತಿನ್ನುವಾಗ ಎರಡು ಸಲ ಗಂಟಲು ಕೆರೆದುಕೊಂಡ ಹಾಗೆ. ಆಮೇಲೆ ಓಟದ ನಡುವೆ ನಿಂತು ತಲೆ ಕೆಳಗೆ ಹಾಕಿ ಕೆಮ್ಮಿದ. ಈ ವರ್ಷವಂತೂ ನಿಂತಲ್ಲೇ ಮೂಗಿನ ಹೊಳ್ಳೆ ಅರಳಿಸಿಕೊಂಡು ಉಸಿರಿಗೆ ಪರದಾಡತೊಡಗಿದ. ಉಸಿರು ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದೇ ಕಷ್ಟ. ಎದೆಯಿಂದ ಒಮ್ಮೆ ತಳ್ಳಿ, ಸಾಲದು ಎಂದು ಹೊಟ್ಟೆಯಿಂದ ಇನ್ನೊಮ್ಮೆ ತಳ್ಳಬೇಕು. ಹಾಗೆ ತಳ್ಳಿ ತಳ್ಳಿ ಪಕ್ಕೆಲುಬಿನ ಕೆಳಗೆ ಉದ್ದಕ್ಕೂ ಒಂದು ಗೀರು ಮೂಡಿತ್ತು.

ಕುದುರೆ ಡಾಕ್ಟರು ಬಂದು ಎದೆಗೆ ಕಿವಿಗೊಟ್ಟು ಕೇಳಿದರು. ಬಡಕಲು ಮನುಷ್ಯ, ಯಾವಾಗಲೂ ಅವಸರ, ಕೋಟಿನ ಜೇಬು ಸೂಜಿ ಔಷಧಗಳಿಂದ ಜೋಲುತ್ತಿತ್ತು. "ಉಬ್ಬಸ. ಧೂಳಿಗೆ, ಹುಲ್ಲಿನ ಬೂಷ್ಟಿಗೆ ಅವನ ಶ್ವಾಸಕೋಶ ಮುನಿಸಿಕೊಂಡಿದೆ. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಡಬಹುದು. ಹುಲ್ಲನ್ನ ಅರ್ಧ ಗಂಟೆ ನೀರಲ್ಲಿ ನೆನೆಸಿ ಕೊಡಿ. ಕೆಳಗೆ ಹಾಸೋಕೆ ಒಣಹುಲ್ಲು ಬೇಡ, ಕಾಗದದ ಚೂರು ಹಾಸಿ. ಬೆಳಗ್ಗೆ ಸಂಜೆ ಈ ಔಷಧ ಮೂಗಿಗೆ. ಒಟ್ಟಲ್ಲಿ ಧೂಳು ಇರಬಾರದು" ಎಂದರು.

ಶಾಲೆಯ ಯಜಮಾನಿ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಚಿಕ್ಕ ವಯಸ್ಸಿನಲ್ಲಿ ಇದೇ ದೊಡ್ಡಪ್ಪನ ಮೇಲೆ ಪಂದ್ಯ ಗೆದ್ದವಳು. ಕಲ್ಲು ಮನಸ್ಸಿನವಳಲ್ಲ, ಆದರೆ ಮಾತು ನೇರ. "ಮೂವತ್ತು ದಿನ ನೋಡೋಣ ಡಾಕ್ಟ್ರೇ. ಅಷ್ಟರೊಳಗೆ ನೆಮ್ಮದಿಯಾಗಿ ಉಸಿರಾಡಿದ್ರೆ ಸರಿ. ಇಲ್ಲಾಂದ್ರೆ ದಿನಾ ಹೀಗೆ ಉಸಿರು ಕಟ್ಟಿಸಿಕೊಂಡು ಬದುಕೋದು ಬೇಡ. ಒಂದು ಸೂಜಿ ಕೊಟ್ಟು ಮಲಗಿಸಿಬಿಡಿ."

"ನಿಂತಿದ್ದಾಗ ಉಸಿರು ನಿಮಿಷಕ್ಕೆ ಇಪ್ಪತ್ತರ ಕೆಳಗೆ ಬಂದ್ರೆ ಗೆದ್ದ ಹಾಗೆ" ಎಂದರು ಡಾಕ್ಟರು. ಅವತ್ತು ಇದ್ದದ್ದು ಮೂವತ್ತೊಂದು.

ಲಾಯದಕ್ಕನಿಗೆ ಎದೆ ಧಸಕ್ಕೆಂದಿತು. ಆದರೆ ಡಾಕ್ಟರ ಕೊನೆಯ ಮಾತು ಅವಳಿಗೆ ಧೈರ್ಯವನ್ನೂ ಕೊಟ್ಟಿತು. ಧೂಳು ಇರಬಾರದು, ಅಷ್ಟೇ ತಾನೆ? ಧೂಳಿಗೂ ಅವಳಿಗೂ ಹುಟ್ಟಿದಾಗಿನಿಂದ ಆಗಿಬರದು. ಈ ಒಂದು ಕೆಲಸದಲ್ಲಿ ಅವಳನ್ನು ಮೀರಿಸುವವರು ಯಾರಿದ್ದಾರೆ ಎಂದು ಸೆರಗು ಕಟ್ಟಿ ನಿಂತಳು.

ಗಂಡ ಅವಳಿಗೊಂದು ದೊಡ್ಡ ಮುಖದ ಗಡಿಯಾರ ಕೊಟ್ಟ, ಸೆಕೆಂಡಿನ ಕೆಂಪು ಮುಳ್ಳು ಎದ್ದು ಕಾಣುವಂಥದ್ದು. ದೊಡ್ಡಪ್ಪನ ಪಕ್ಕೆ ಒಮ್ಮೆ ಉಬ್ಬಿ ಒಮ್ಮೆ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ದಿನಕ್ಕೆ ಮೂರು ಸಲ. ಕಾಗದದ ಹಾಸು ಬಂತು. ಹುಲ್ಲು ನೆನೆಸಲು ಕಬ್ಬಿಣದ ತೊಟ್ಟಿ ಬಂತು. ಮೂಗಿಗೆ ಔಷಧ ಕೊಡುವ ಮುಖವಾಡ ಬಂತು. ದೊಡ್ಡಪ್ಪ ಮೊದಲ ದಿನ ಅದನ್ನು ಕಂಡು ತಲೆ ಎತ್ತಿ ನಿಂತ, ಅವಳು ಗದರಿದ ಮೇಲೆ ಬಗ್ಗಿಸಿದ.

ಇಷ್ಟರ ಜೊತೆ ಅವಳು ತನ್ನದೂ ಸೇರಿಸಿದಳು. ದಿನಕ್ಕೆ ಎರಡು ಸಲ ಗುಡಿಸುತ್ತಿದ್ದವಳು ನಾಲ್ಕು ಸಲ ಗುಡಿಸಿದಳು. ಏಣಿ ಹಾಕಿ ಮಾಡಿನ ತೊಲೆಗಳ ಮೇಲಿನ ವರ್ಷಗಟ್ಟಲೆಯ ಜೇಡರಬಲೆ ಬಡಿದು ಬೀಳಿಸಿದಳು. ಹುಲ್ಲು ನೆನೆಸುವ ನೀರು ಕೊಳೆಯಾಗಬಾರದೆಂದು, ತೊಟ್ಟಿಗೆ ಹಾಕುವ ಮುಂಚೆ ಒಂದೊಂದು ತೋಳಿನಷ್ಟನ್ನೂ ದೊಡ್ಡಪ್ಪನ ಗೋಡೆಗೇ ಬಡಿದು ಬಡಿದು ಕೊಡವಿದಳು. ಅವನ ಮೈಯನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದಳು. ಇದೆಲ್ಲ ನಡೆಯುವಾಗ ದೊಡ್ಡಪ್ಪ ಎಲ್ಲಿರುತ್ತಿದ್ದ? ಅಲ್ಲೇ, ಅವನ ಕೋಣೆಯಲ್ಲೇ, ಅವಳು ಕೆಲಸ ಮಾಡುವುದನ್ನು ನೋಡುತ್ತ ನಿಂತಿರುತ್ತಿದ್ದ. ಇಪ್ಪತ್ತಾರು ವರ್ಷದಿಂದ ಅವಳ ಲಾಯದಲ್ಲಿ ಎಲ್ಲ ಕುದುರೆಗಳಿಗೂ ನಡೆದದ್ದೇ ಹಾಗೆ.

ಹಲಗೆಯ ಮೇಲೆ ಇಪ್ಪತ್ತೆಂಟು ಬಂತು, ಮೂವತ್ತು ಬಂತು, ಇಪ್ಪತ್ತೇಳು ಬಂತು, ಮತ್ತೆ ಮೂವತ್ತೊಂದು. ಸಂಖ್ಯೆ ಏರಿದ ದಿನ ಅವಳು ಇನ್ನೊಂದು ಸಲ ಗುಡಿಸುತ್ತಿದ್ದಳು. ಡಾಕ್ಟರು ವಾರಕ್ಕೊಮ್ಮೆ ಬರುವ ದಿನವಂತೂ ಅವಳು ನಾಲ್ಕೂವರೆಗೇ ಎದ್ದು ಬಂದು ಲಾಯ ಥಳಥಳ ಅನ್ನಿಸುವಳು. ಅವತ್ತೇ ದೊಡ್ಡಪ್ಪನ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. "ಇಷ್ಟು ಚೊಕ್ಕಟವಾದ ಲಾಯ ನಾನು ಎಲ್ಲೂ ನೋಡಿಲ್ಲ" ಎಂದು ಡಾಕ್ಟರು ತಲೆ ಕೆರೆದುಕೊಂಡರು. "ಆದ್ರೂ ಯಾಕೆ ಇಳೀತಿಲ್ಲ? ಔಷಧದ ಪ್ರಮಾಣ ಏರಿಸೋಣ." ಏರಿಸಿದರು. ಇಳಿಯಲಿಲ್ಲ.

ಹದಿನಾರನೇ ದಿನದ ಹೊತ್ತಿಗೆ ಅವಳಿಗೆ ಊಟ ನಿದ್ದೆ ಎರಡೂ ಕೆಟ್ಟಿದ್ದವು. ಮನೆಯಲ್ಲಿ ಗಂಡ ಮಲಗಿದ್ದರೆ ಅವನ ಎದೆ ನೋಡುತ್ತ ಎಣಿಸುವಳು. "ನನ್ನದೆಷ್ಟು?" ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. "ಹದಿನಾಲ್ಕು." "ಹಾಗಾದ್ರೆ ನನಗೆ ಸೂಜಿ ಇಲ್ಲ ತಾನೆ?" ಅವಳು ನಗಲಿಲ್ಲ, ಗೋಡೆ ಕಡೆ ತಿರುಗಿ ಅತ್ತಳು. ಅವನು ಎದ್ದು ಕೂತು, ಅವಳ ಬೆನ್ನ ಮೇಲೆ ಕೈಯಿಟ್ಟು ಹಾಗೇ ಕೂತಿದ್ದ.

ಹದಿನೇಳನೇ ದಿನ ತೊಟ್ಟಿಯ ಹತ್ತಿರ ನೀರು ಚೆಲ್ಲಿತ್ತು. ಅದನ್ನು ಒರೆಸಬೇಕೆಂದು ಓಡಿದವಳು ಅದರ ಮೇಲೇ ಕಾಲಿಟ್ಟು ಜಾರಿ ಬಿದ್ದಳು. ಪಾದ ಹೊರಳಿ ಗಿಣ್ಣು ಬಾತುಕೊಂಡಿತು. ಐದು ದಿನ ನೆಲಕ್ಕೆ ಕಾಲೂರಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆ ಐದು ದಿನಕ್ಕೆ ದೊಡ್ಡಪ್ಪನ ಜವಾಬ್ದಾರಿ ಬಿದ್ದದ್ದು ಅವಳ ಮೈದುನನ ಮೇಲೆ. ಗಂಡನ ತಮ್ಮ, ನಲವತ್ತು ದಾಟಿದವನು, ಅದೇ ಶಾಲೆಯಲ್ಲಿ ಮೇವಿನ ಗಾಡಿ ಓಡಿಸುವವನು. ಎಲ್ಲರೂ ಅವನನ್ನು ನಿಧಾನಪ್ಪ ಅನ್ನುತ್ತಿದ್ದರು. ಹೆಸರಿಗೆ ತಕ್ಕ ಮನುಷ್ಯ. ಬೆಂಕಿ ಬಿತ್ತು ಎಂದರೂ ಮೊದಲು ಚಪ್ಪಲಿ ಹುಡುಕುವವನು. ಅವನ ಕೆಲಸ ಕಂಡರೆ ಲಾಯದಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಆದರೆ ಉಳಿದ ಯಾರಿಗೂ ದೊಡ್ಡಪ್ಪ ಮುಖವಾಡ ಹಾಕಲು ಬಿಡುತ್ತಿರಲಿಲ್ಲ. ನಿಧಾನಪ್ಪನಿಗೆ ಮಾತ್ರ ಬಿಟ್ಟ.

"ಹುಲ್ಲು ಕೊಡವಿ ನೆನೆಸು. ಹೊತ್ತು ಹೊತ್ತಿಗೆ ಗುಡಿಸು. ಮೂರು ಹೊತ್ತು ಎಣಿಸಿ ನನಗೆ ಫೋನ್ ಮಾಡು" ಎಂದು ಮಂಚದ ಮೇಲಿಂದಲೇ ಅಪ್ಪಣೆ ಮಾಡಿದಳು.

"ಆಯ್ತು ಅತ್ತಿಗೆ" ಎಂದ ಅವನು. ಅವನು ಯಾವುದಕ್ಕೂ ಇಲ್ಲ ಎಂದವನೇ ಅಲ್ಲ.

ಮೊದಲ ದಿನ ಇಪ್ಪತ್ತೆಂಟು ಎಂದ. ಎರಡನೇ ದಿನ ಇಪ್ಪತ್ತನಾಲ್ಕು. ಮೂರನೇ ದಿನ ಇಪ್ಪತ್ತೊಂದು ಎಂದಾಗ ಅವಳು ದಿಂಬಿಗೆ ಗುದ್ದಿದಳು. "ಕೂತಲ್ಲೇ ಬಾಯಿಗೆ ಬಂದದ್ದು ಹೇಳ್ತಿದಾನೆ. ಹದಿನೇಳು ದಿನ ನಾನು ಬೆನ್ನು ಮುರಿದುಕೊಂಡರೆ ಇಳೀದೇ ಇದ್ದದ್ದು ಇವನು ನಿಂತ್ಕೊಂಡು ಆಕಳಿಸಿದ್ರೆ ಇಳಿಯುತ್ತಾ?" ಎಂದು ಗಂಡನ ಮೇಲೆ ಹರಿಹಾಯ್ದಳು. ನಾಲ್ಕನೇ ದಿನ ಹದಿನೆಂಟು. ಐದನೇ ದಿನ ಹದಿನಾರು. ಆ ಸಂಖ್ಯೆ ಕೇಳಿದ ಮೇಲೆ ಅವಳು ಫೋನ್ ಇಟ್ಟುಬಿಟ್ಟಳು. ಅವಳಿಗೆ ಖಾತ್ರಿಯಾಗಿತ್ತು, ದೊಡ್ಡಪ್ಪ ಸಾಯುತ್ತಿದ್ದಾನೆ, ಇವನು ಮುಚ್ಚಿಡುತ್ತಿದ್ದಾನೆ.

ಮಾರನೆಯ ದಿನ, ಲೆಕ್ಕದಲ್ಲಿ ಇಪ್ಪತ್ಮೂರನೆಯದು, ಕಾಲಿಗೆ ಬಟ್ಟೆ ಸುತ್ತಿಕೊಂಡು ಗಂಡನ ಹೆಗಲು ಹಿಡಿದು ಲಾಯಕ್ಕೆ ಬಂದಳು. ನೇರ ದೊಡ್ಡಪ್ಪನ ಮುಂದೆ ನಿಂತು ಗಡಿಯಾರ ಹಿಡಿದು ಎಣಿಸಿದಳು. ಹದಿನಾರು. ಮತ್ತೆ ಎಣಿಸಿದಳು. ಹದಿನಾರು. ಮೂಗಿನ ಹೊಳ್ಳೆ ಮೆತ್ತಗೆ ಮುಚ್ಚಿಕೊಂಡಿತ್ತು. ಹೊಟ್ಟೆ ಎರಡನೇ ಸಲ ತಳ್ಳುತ್ತಿರಲಿಲ್ಲ. ಅವನು ಕತ್ತು ಚಾಚಿ ಅವಳ ಭುಜದ ಮೇಲೆ ಗದ್ದ ಇಟ್ಟ. ಅವಳಿಗೆ ಕಾಲಿನ ನೋವು ಮರೆತೇಹೋಯಿತು. ಏರಿಸಿದ ಔಷಧ ಕೊನೆಗೂ ಹಿಡಿಯಿತು ಎಂದುಕೊಂಡಳು. ಖುಷಿಯಲ್ಲಿ ಕಣ್ಣು ತುಂಬಿ ಬಂತು.

ಕಣ್ಣು ಒರೆಸಿಕೊಂಡು ಸುತ್ತ ನೋಡಿದಳು ನೋಡಿ, ಮೈಯೆಲ್ಲ ಉರಿದುಹೋಯಿತು. ಮೂಲೆಗಳಲ್ಲಿ ಜೇಡ ಮತ್ತೆ ಸಂಸಾರ ಹೂಡಿತ್ತು. ನೆಲದ ಮೇಲೆ ನೀರಿನ ಕಲೆ, ಒದ್ದೆ ಹುಲ್ಲು, ಗಾಡಿಯ ಚಕ್ರದ ಮಣ್ಣು. ಲದ್ದಿ ಎತ್ತಿದ್ದ, ಅಷ್ಟೇ. ಪೊರಕೆ ಅವಳು ಬಿಟ್ಟುಹೋದ ಜಾಗದಲ್ಲೇ ಒರಗಿತ್ತು. "ಇದು ಲಾಯವೋ ತಿಪ್ಪೆಯೋ? ನಡೀ ಇಲ್ಲಿಂದ, ನಿನ್ನ ಉಪಕಾರ ಸಾಕು" ಎಂದು ನಿಧಾನಪ್ಪನನ್ನು ಅಟ್ಟಿದಳು. ಅವನು ಚಪ್ಪಲಿ ಹುಡುಕಿಕೊಂಡು ಹೋದ.

ಒಂದು ಕಾಲಿನ ಮೇಲೆ ಭಾರ ಹಾಕಿ ಎರಡು ಗಂಟೆ ದುಡಿದಳು. ಮಾಡು ಬಡಿದಳು, ಗೋಡೆ ಉಜ್ಜಿದಳು, ಐದು ದಿನದ್ದು ಸೇರಿಸಿ ಗುಡಿಸಿದಳು, ಹುಲ್ಲನ್ನು ಫಟ್ ಫಟ್ ಎಂದು ಕೊಡವಿ ತೊಟ್ಟಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಲಾಯ ಮತ್ತೆ ಅವಳ ಲಾಯವಾಯಿತು.

ಮೂರು ಗಂಟೆಗೆ ದೊಡ್ಡಪ್ಪ ಕೆಮ್ಮಿದ. ನಾಲ್ಕಕ್ಕೆ ಇಪ್ಪತ್ತೊಂಬತ್ತು. ಐದಕ್ಕೆ ಮೂವತ್ತೆಂಟು, ಕತ್ತು ಮುಂದೆ ಚಾಚಿ, ಮುಂಗಾಲು ಅಗಲಿಸಿ, ಕಣ್ಣು ಅರಳಿಸಿಕೊಂಡು ನಿಂತಿದ್ದ. ಬೆವರು ಹೊಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಉಸಿರು ಹೊರಗೆ ಬರುವಾಗ ಹಳೆಯ ಬಾಗಿಲಿನ ಹಾಗೆ ಕೀರಲು ಸದ್ದು. ಡಾಕ್ಟರಿಗೆ ಫೋನ್ ಹೋಯಿತು. ಅವರು ಬರುವ ಮುಕ್ಕಾಲು ಗಂಟೆ ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಅವಳ ಕೈ ತಾನಾಗಿಯೇ ಪೊರಕೆ ಹಿಡಿಯಿತು.

ಎರಡು ಸಲ ಎಳೆದಳು. ದೊಡ್ಡಪ್ಪ ಕೆಮ್ಮಿದ. ಮತ್ತೆ ಎಳೆದಳು. ಮತ್ತೆ ಕೆಮ್ಮಿದ.

ಕಿಟಕಿಯಿಂದ ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಆ ಬಿಸಿಲಿನ ಕೋಲಿನಲ್ಲಿ, ಪೊರಕೆಯಿಂದ ಎದ್ದದ್ದು ಹೊಗೆಯ ಹಾಗೆ ಸುತ್ತುತ್ತ ಮೇಲೇರಿ, ದೊಡ್ಡಪ್ಪನ ಅರಳಿದ ಮೂಗಿನ ಮುಂದೆ ಹೋಗಿ, ಉಸಿರಿನ ಜೊತೆ ಒಳಗೆ ಸೇರಿತು. ಅವಳು ಅದನ್ನು ಕಣ್ಣಾರೆ ಕಂಡಳು. ನೆಲದ ಮೇಲೆ ಒಂದು ಕಣ ಧೂಳಿರಲಿಲ್ಲ. ಎಲ್ಲವನ್ನೂ ಅವಳು ಗಾಳಿಗೆ ಎತ್ತಿ ಅವನ ಎದೆಗೆ ತುಂಬಿದ್ದಳು, ದಿನಕ್ಕೆ ನಾಲ್ಕು ಸಲ, ಪ್ರೀತಿಯಿಂದ. ಪೊರಕೆ ಕೈಜಾರಿ ಬಿತ್ತು.

ಡಾಕ್ಟರು ಬಂದರು, ಯಜಮಾನಿಯೂ ಬಂದಳು. ಗಲಾಟೆ ಕೇಳಿ ನಿಧಾನಪ್ಪನೂ ಬಂದು ಬಾಗಿಲಲ್ಲಿ ನಿಂತ. ಕುತ್ತಿಗೆಯ ನರಕ್ಕೆ ಉಸಿರು ಸಡಿಲಿಸುವ ಸೂಜಿ ಬಿತ್ತು. ಕಾಲು ಗಂಟೆಯ ಮೇಲೆ ಕೀರಲು ಸದ್ದು ಸ್ವಲ್ಪ ಇಳಿಯಿತು. ಯಜಮಾನಿ ದೊಡ್ಡಪ್ಪನ ಹಣೆ ಸವರುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಸಾಕು. ಇನ್ನೂ ಏಳು ದಿನ ಕಾಯೋದು ಅಂದ್ರೆ ಇನ್ನೂ ಏಳು ದಿನ ಹಿಂಸೆ. ಬೆಳಗ್ಗೆ ಬಂದು ಮುಗಿಸಿಬಿಡಿ ಡಾಕ್ಟ್ರೇ." ಆಮೇಲೆ ನಿಧಾನಪ್ಪನ ಕಡೆ ತಿರುಗಿದಳು. "ಅಕ್ಕ ಇದ್ದಷ್ಟು ದಿನ ಹೇಗೋ ತಡ್ಕೊಂಡಿದ್ದ. ಐದು ದಿನ ನಿನ್ನ ಕೈಗೆ ಕೊಟ್ಟಿದ್ದಕ್ಕೆ ಈ ಗತಿ ತಂದೆ. ನೀನು ಇನ್ನು ಕೆಲಸಕ್ಕೆ ಬರೋದು ಬೇಡ."

ನಿಧಾನಪ್ಪ ಬಾಯಿ ತೆರೆದ. ಅತ್ತಿಗೆಯ ಮುಖ ನೋಡಿದ. ಬಾಯಿ ಮುಚ್ಚಿದ.

ಅವಳು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಮೈದುನ ಹೇಗೂ ಸೋಮಾರಿ, ಬೈಸಿಕೊಂಡು ಅಭ್ಯಾಸ ಇದ್ದವನು. ಇದೆಲ್ಲ ಅವಳ ತಲೆಯಲ್ಲಿ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಂತು. ಒಂದು ಉಸಿರು ಒಳಗೆಳೆದು ಹೊರಗೆ ಬಿಡುವಷ್ಟು ಹೊತ್ತು ಇತ್ತು ಕೂಡ.

"ಅವನಲ್ಲ" ಎಂದಳು. "ಅವನು ನೋಡ್ಕೊಂಡಾಗ ಹದಿನಾರಕ್ಕೆ ಬಂದಿತ್ತು. ಬೆಳಗ್ಗೆ ನಾನೇ ಎರಡು ಸಲ ಎಣಿಸಿದೀನಿ."

"ಮತ್ತೆ ಮಧ್ಯಾಹ್ನ ಏನಾಯ್ತು?" ಎಂದರು ಡಾಕ್ಟರು. "ಆ ಐದು ದಿನದಲ್ಲಿ ಇಲ್ದೇ ಇದ್ದದ್ದು, ಇವತ್ತು ಇದ್ದದ್ದು ಏನು?"

"ನಾನು."

ಅವಳೇ ಮುಂದುವರಿಸಿದಳು. "ಗುಡಿಸಿದೆ. ಮಾಡು ಬಡಿದೆ. ಹುಲ್ಲು ಇಲ್ಲೇ ಕೊಡವಿದೆ, ಅವನ ಮುಖದ ಮುಂದೇನೇ. ಧೂಳು ಬೇಡ ಅಂದ್ರಲ್ಲ ನೀವು, ಅದಕ್ಕೇ ಇಷ್ಟು ದಿನ ಎರಡರಷ್ಟು ಮಾಡಿದೆ. ನೀವು ಬರೋ ದಿನ ಇನ್ನೂ ಜಾಸ್ತಿ."

ಡಾಕ್ಟರು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣದ ಸಂಖ್ಯೆಗಳ ಮೇಲೆ ಬೆರಳಾಡಿಸಿದರು. ತಾವು ಬಂದ ದಿನಗಳಲ್ಲಿ ಬೆರಳು ನಿಂತಿತು. ನಿಧಾನಪ್ಪನ ಓರೆಕೋರೆ ಅಂಕಿಗಳಲ್ಲಿ ಮತ್ತೆ ನಿಂತಿತು. "ಗುಡಿಸೋ ಮುಂಚೆ ಅವನನ್ನ ಹೊರಗೆ ಕಟ್ಟಬೇಕು ಅಂತ ನಾನು ಹೇಳಬೇಕಾಗಿತ್ತು" ಎಂದರು. "ಎಲ್ಲರಿಗೂ ಹೇಳ್ತೀನಿ. ಈ ಲಾಯ ನೋಡಿ ಇಲ್ಲಿ ಹೇಳೋದೇ ಬೇಡ ಅನ್ನಿಸ್ತು."

ಯಜಮಾನಿ ಲಾಯದಕ್ಕನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. "ಏಳು ದಿನ" ಎಂದಳು. "ಹಿಂದಿನ ಗಾಡಿ ಚಪ್ಪರದಲ್ಲಿ ಕಟ್ಟಿ, ಮೂರು ಕಡೆ ಗಾಳಿ ಇದೆ. ನಿಧಾನಪ್ಪ ನೋಡ್ಕೊಳ್ಳಲಿ. ಅಕ್ಕ, ನೀವು ಹತ್ತಿರ ಹೋಗಬೇಡಿ."

ಅವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಅವಳು ಮೈದುನನನ್ನು ಕೇಳಿದಳು, "ಆ ಐದು ದಿನ ಏನೇನು ಮಾಡಿದೆ, ಸರಿಯಾಗಿ ಹೇಳು."

"ಏನೂ ಮಾಡ್ಲಿಲ್ಲ ಅತ್ತಿಗೆ. ಹುಲ್ಲನ್ನ ಕಟ್ಟು ಸಮೇತ ತೊಟ್ಟಿಗೆ ಅದ್ದಿಬಿಟ್ಟೆ, ತೊಟ್ಟಿಕ್ತಾ ಇದ್ದ ಹಾಗೇ ಹಾಕಿದೆ. ಕೊಡವೋರು ಯಾರು ಅಂತ ಬೇಜಾರು. ಗುಡಿಸೋಕೂ ಬೇಜಾರು. ನೆಲದ ಮೇಲೆ ಒಂದು ಬಕೆಟ್ ನೀರು ಸುರಿದು ಬಿಡ್ತಿದ್ದೆ." ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದ, "ನೀವು ಬೈತೀರ ಅಂತ ಗುಡಿಸಿದೆ ಅಂತಲೇ ಹೇಳೋಣ ಅಂದ್ಕೊಂಡಿದ್ದೆ."

ಅವಳಿಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಇವನ ಬೇಜಾರು ಆ ಜೀವಕ್ಕೆ ಮದ್ದಾಯಿತು, ತನ್ನ ಅಕ್ಕರೆ ಉಸಿರು ಕಟ್ಟಿಸಿತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಏಳು ದಿನ ಅವಳು ಉಳಿದ ಹನ್ನೊಂದು ಕುದುರೆಗಳ ಕೆಲಸ ಮಾಡಿದಳು, ಪ್ರತಿಯೊಂದನ್ನೂ ಹೊರಗೆ ಕಟ್ಟಿ, ನೆಲ ಒದ್ದೆ ಮಾಡಿ. ಬಿಡುವಾದಾಗ ಚಪ್ಪರದ ಬೇಲಿಯಿಂದ ಹತ್ತು ಮಾರು ದೂರದಲ್ಲಿ ನಿಂತು ಎಣಿಸುವಳು. ಮೂವತ್ತೆರಡು, ಇಪ್ಪತ್ತೇಳು, ಇಪ್ಪತ್ತನಾಲ್ಕು. ನಿಧಾನಪ್ಪ ಚಪ್ಪರದ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿರುವುದನ್ನು ನೋಡುವಾಗ ಅವಳ ಅಂಗೈ ತುರಿಸುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಇಪ್ಪತ್ತೆಂಟನೇ ದಿನ ಹತ್ತೊಂಬತ್ತಕ್ಕೆ ಬಂತು. ಇಪ್ಪತ್ತೊಂಬತ್ತನೇ ದಿನ ಗಾಳಿ ಎದ್ದು, ಸವಾರಿಯ ಅಂಗಳದ ಮರಳೆಲ್ಲ ಚಪ್ಪರದ ಕಡೆ ಬೀಸಿತು. ದೊಡ್ಡಪ್ಪ ಕೆಮ್ಮಿದ. ಇಪ್ಪತ್ಮೂರು. ಅವಳು ಬೇಲಿ ಹಿಡಿದುಕೊಂಡು ನಿಂತುಬಿಟ್ಟಳು. ಆಗ ನಿಧಾನಪ್ಪ ಎದ್ದ. ಅವನು ಓಡಿದ್ದನ್ನು ಅವಳು ನೋಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಕೊಳವೆ ಎಳೆದು ತಂದು ಅಂಗಳಕ್ಕೆಲ್ಲ ನೀರು ಹಿಡಿದ, ಗಾಳಿ ಬರುವ ಕಡೆ ಒದ್ದೆ ಚೀಲಗಳನ್ನು ಕಟ್ಟಿದ.

ಮೂವತ್ತನೇ ದಿನ ಬೆಳಗ್ಗೆ ಡಾಕ್ಟರ ಜೇಬು ಎಂದಿಗಿಂತ ಭಾರವಾಗಿತ್ತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಲಾಯದಕ್ಕ ದೂರದ ತನ್ನ ಜಾಗದಲ್ಲೇ ನಿಂತಳು. ಡಾಕ್ಟರು ತಮ್ಮ ಗಡಿಯಾರ ಹಿಡಿದರು, ಅವಳು ತನ್ನದು. ಕೆಂಪು ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಅವಳು ತಾನು ಉಸಿರಾಡುವುದನ್ನು ಮರೆತಳು.

"ಹದಿನೇಳು" ಎಂದರು ಡಾಕ್ಟರು.

ಅವಳ ಲೆಕ್ಕಕ್ಕೆ ಹದಿನಾರು. ಒಂದು ಉಸಿರಿಗೆ ಜಗಳ ಆಡಲಿಲ್ಲ. ಬೇಲಿಯ ಕಂಬಕ್ಕೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಯಜಮಾನಿ ಹತ್ತಿರ ಬಂದು ಹೇಳಿದಳು, "ಇರಲಿ ಬಿಡಿ ಅಕ್ಕ. ಈಗ ನಿಮಗೂ ಗೊತ್ತಾಯ್ತಲ್ಲ. ದೊಡ್ಡಪ್ಪನ್ನ ಮತ್ತೆ ನೀವೇ ವಹಿಸ್ಕೊಳ್ಳಿ."

ಏಳು ದಿನದಿಂದ ಅವಳು ಕೇಳಬೇಕೆಂದಿದ್ದ ಮಾತು ಅದು. ಅವಳು ತನ್ನ ಕೈ ನೋಡಿಕೊಂಡಳು. ಈ ಕೈಯನ್ನು ಅವಳು ಬಲ್ಲಳು. ಒಂದು ವಾರ ಸುಮ್ಮನಿರುತ್ತದೆ, ಹತ್ತು ದಿನ ಸುಮ್ಮನಿರುತ್ತದೆ. ಒಂದು ದಿನ ಮೂಲೆಯಲ್ಲಿ ಏನೋ ಕಾಣುತ್ತದೆ.

"ಬೇಡಮ್ಮ" ಎಂದಳು. "ಅವನ ಹತ್ತಿರಾನೇ ಇರಲಿ."

ಯಜಮಾನಿ ಹೋದಳು, ಡಾಕ್ಟರು ಹೋದರು. ದೊಡ್ಡಪ್ಪ ಅವಳನ್ನು ಕಂಡು ಬೇಲಿಯ ಮೇಲಿಂದ ಕತ್ತು ಚಾಚಿದ, ಗದ್ದ ಇಡಲು ಭುಜ ಹುಡುಕುತ್ತ. ಅವಳು ಎರಡು ಹೆಜ್ಜೆ ಹಾಕಿ ನಿಂತಳು. ಬೆಳಗ್ಗೆಯಿಂದ ಹನ್ನೊಂದು ಕೋಣೆಗಳಲ್ಲಿ ಕೆಲಸ ಮಾಡಿದ್ದ ಬಟ್ಟೆ, ತಲೆಗೂದಲ ತುಂಬ ಹುಲ್ಲಿನ ಪುಡಿ. "ಬರ್ತೀನಿ ಇರು" ಎಂದು ಅಲ್ಲಿಂದಲೇ ಹೇಳಿ, ಕುಂಟುತ್ತ ಮನೆಗೆ ಹೋದಳು. ತಲೆಗೆ ಸ್ನಾನ ಮಾಡಿದಳು, ಒಗೆದು ಮಡಿಸಿಟ್ಟ ಬಟ್ಟೆ ಉಟ್ಟಳು. ಕೆಲಸದ ಹೊತ್ತಿನಲ್ಲಿ ಎಲ್ಲಿಗೆ ಹೊರಟೆ ಎಂದು ಅಂಗಡಿಯಿಂದ ಗಂಡ ಕೇಳಿದ.

"ದೊಡ್ಡಪ್ಪನ್ನ ಮಾತಾಡಿಸ್ಕೊಂಡು ಬರ್ತೀನಿ" ಎಂದಳು.